ಮೂರನೇ ಕ್ರಾಸಿನ ರೈಫಲ್

ಬಸವೇಶ್ವರನಗರದ ನಮ್ಮ ಮೂರನೇ ಕ್ರಾಸಿನ ಕಾಂತರಾಜು ಐವತ್ತೊಂದು ವರ್ಷ ಯಾರಿಗೂ ಹೆದರಿಕೆ ಹುಟ್ಟಿಸದೆ ಬದುಕಿದ ಮನುಷ್ಯ. ಕಾಮಾಕ್ಷಿಪಾಳ್ಯದ ಪಂಪ್‌ಸೆಟ್ ಕಾರ್ಖಾನೆಯೊಂದರಲ್ಲಿ ಅವನು ಸ್ಟೋರ್ ಕೀಪರ್. ವಾಷರ್ ಬೇಕೆಂದು ಬಂದವರು ಅವನನ್ನು ಪಕ್ಕಕ್ಕೆ ಸರಿಸಿ ತಾವೇ ತೆಗೆದುಕೊಂಡು ಹೋಗುತ್ತಿದ್ದರು. ರಸ್ತೆಯಲ್ಲಿ ಮಲಗಿದ ನಾಯಿಗಳು ಅವನಿಗಾಗಿ ಎದ್ದದ್ದಿಲ್ಲ, ಅವನೇ ಸುತ್ತು ಹಾಕಿ ಹೋಗುತ್ತಿದ್ದ. ಪಕ್ಕದ ಮನೆಯ ಗಂಗಾಧರಯ್ಯನವರು ದಾವಣಗೆರೆ ಕಡೆಯಿಂದ ಬಂದು ನೆಲೆಸಿದ ನಿವೃತ್ತ ಅಧಿಕಾರಿ, ಮೇಲಾಗಿ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರು. ಆರು ವರ್ಷಗಳಿಂದ ಅವರು ತಮ್ಮ ಕಾರಿನ ಹಿಂಭಾಗವನ್ನು ಕಾಂತರಾಜುವಿನ ಗೇಟಿಗೆ ಅಡ್ಡವಾಗಿಯೇ ನಿಲ್ಲಿಸುತ್ತಿದ್ದರು. ಕಾಂತರಾಜು ಪ್ರತಿದಿನ ಸ್ಕೂಟರನ್ನು ಎಡಕ್ಕೆ ವಾಲಿಸಿ, ಹೊಟ್ಟೆಯನ್ನು ಒಳಕ್ಕೆಳೆದುಕೊಂಡು ಹೊರಬರುತ್ತಿದ್ದ. ಇದರ ಬಗ್ಗೆ ಅವನು ಅಧ್ಯಕ್ಷರಿಗೆ ಒಂದು ಮಾತು ಆಡಿದವನಲ್ಲ. ಹೆಂಡತಿ ಅಂಬುಜಾಗೆ ಮಾತ್ರ ದಿನಕ್ಕೆರಡು ಸಲ ಹೇಳುತ್ತಿದ್ದ.

ಇಂಥವನನ್ನು ಒಂದು ಭಾನುವಾರ ಕಾರ್ಖಾನೆಯ ಜೊತೆಗಾರ ಕಲ್ಮೇಶ್ ಕೆಂಗೇರಿಯ ಆಚೆ ಇರುವ ಒಂದು ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದ. ಅಲ್ಲಿ ಬಾಡಿಗೆಯ ಏರ್ ರೈಫಲ್ ಹಿಡಿದು ಕಾಂತರಾಜು ಹತ್ತು ಸಲ ಗುರಿಯಿಟ್ಟ. ಒಂಬತ್ತು ಎಲ್ಲಿ ಹೋದವೋ ದೇವರೇ ಬಲ್ಲ. ಹತ್ತನೆಯದು ಪಕ್ಕದವನ ಗುರಿಹಲಗೆಯ ನಡುಮಧ್ಯಕ್ಕೆ ಬಡಿಯಿತು. ಪಕ್ಕದವನು ಅದನ್ನು ತನ್ನದೆಂದೇ ಲೆಕ್ಕಕ್ಕೆ ಹಿಡಿದುಕೊಂಡ. ಕಾಂತರಾಜುವಿಗೆ ಅದರಿಂದ ಬೇಸರವಾಗಲಿಲ್ಲ. ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು ನಿಂತ ಆ ಅರೆಗಳಿಗೆಯಲ್ಲಿ ವಾಷರು, ಬಿಲ್ಲು, ಗಂಗಾಧರಯ್ಯನವರ ಕಾರು ಎಲ್ಲ ತಲೆಯಿಂದ ಇಳಿದುಹೋಗಿದ್ದವು. ಅಷ್ಟು ಹಗುರಾಗಿ ಅವನು ಮದುವೆಯಾದ ಮೇಲೆ ನಿಂತಿದ್ದೇ ಇಲ್ಲ.

ಮುಂದಿನ ಶನಿವಾರ ಅವನು ಒಬ್ಬನೇ ಏರ್ ರೈಫಲ್ ಮಾರುವ ಅಂಗಡಿಗೆ ಹೋದ. ಅಲ್ಲಿ ಗೋಡೆಯ ಮೇಲೆ ಅದು ತೂಗುತ್ತಿತ್ತು. ಬೆಲ್ಲದ ಬಣ್ಣದ ಮರದ ಹಿಡಿ, ಹಿತ್ತಾಳೆ ಬಣ್ಣದ ಮೈ, ಟ್ರಿಗರಿನ ಕೆಳಗೆ ಕೈಬೆರಳು ತೂರುವಂಥ ಬಳೆಯಾಕಾರದ ಲಿವರ್. ಲಿವರನ್ನು ಕೆಳಗೆ ತಳ್ಳಿ ಮೇಲಕ್ಕೆಳೆದರೆ ಕಟಕ್ ಟಕ್ ಎಂದು ಒಂದು ಸದ್ದು. ನೂರೈವತ್ತು ವರ್ಷದ ಹಿಂದೆ ಹೊರದೇಶದಲ್ಲಿ ಕುದುರೆ ಸವಾರರು ಹಿಡಿಯುತ್ತಿದ್ದ ಬಂದೂಕಿನ ಮಾದರಿ ಇದು, ಆದರೆ ಒಳಗಿರುವುದು ಗಾಳಿಯೊತ್ತಡ ಮಾತ್ರ, ಕೊತ್ತಂಬರಿ ಬೀಜದಷ್ಟು ಸೀಸದ ಪೆಲೆಟ್ ಹಾರಿಸುತ್ತದೆ, ಲೈಸೆನ್ಸ್ ಬೇಡ, ಆಧಾರ್ ಜೆರಾಕ್ಸ್ ಕೊಟ್ಟರೆ ಸಾಕು ಎಂದು ಅಂಗಡಿಯವನು ವಿವರಿಸಿದ. ಕಾಂತರಾಜು ಆ ವಿವರಣೆಯಲ್ಲಿ ಕುದುರೆ ಸವಾರರವರೆಗೆ ಮಾತ್ರ ಕೇಳಿಸಿಕೊಂಡಿದ್ದ. ಲಿವರನ್ನು ಹನ್ನೊಂದು ಸಲ ಆಡಿಸಿ ನೋಡಿ, ಹನ್ನೆರಡನೇ ಸಲಕ್ಕೆ ಕೊಂಡುಕೊಂಡ.

ಆಟೋದಿಂದ ಉದ್ದನೆಯ ಪೆಟ್ಟಿಗೆ ಇಳಿಸುವಾಗ ಎದುರು ಮನೆಯ ಲಿಂಗಮ್ಮ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ಮೂರನೇ ಕ್ರಾಸಿನಲ್ಲಿ ಪತ್ರಿಕೆ ತರಿಸುವವರು ಕಡಿಮೆಯಾಗಲು ಲಿಂಗಮ್ಮನೇ ಕಾರಣ.

"ಏನಪ್ಪಾ ಅದು ಇಷ್ಟುದ್ದ? ಕರ್ಟನ್ ರಾಡಾ?" ಎಂದು ಕೇಳಿದರು.

ಏರ್ ಗನ್ನು, ಗುರಿ ಹೊಡೆಯುವ ಆಟಕ್ಕೆ ಎಂದು ಹೇಳಬಹುದಾಗಿತ್ತು. ಬೇರೆ ಯಾವ ದಿನವಾದರೂ ಹಾಗೇ ಹೇಳುತ್ತಿದ್ದ. ಆದರೆ ಕೈಯಲ್ಲಿ ಇನ್ನೂ ಆ ಕಟಕ್ ಟಕ್ ಉಳಿದಿತ್ತು.

"ಅಲ್ಲ ಲಿಂಗಮ್ಮೋರೆ. ರೈಫಲ್ಲು" ಅಂದ.

ಲಿಂಗಮ್ಮನ ಕೈಯಲ್ಲಿದ್ದ ಅವರೆಕಾಯಿ ಅರ್ಧ ಬಿಚ್ಚಿಕೊಂಡು ನಿಂತಿತು. ಆಕೆ ಮೊರವನ್ನೆತ್ತಿಕೊಂಡು ಒಳಗೆ ಹೋಗಿ ಗೇಟಿಗೆ ಚಿಲಕ ಹಾಕಿಕೊಂಡರು. ಆ ಗೇಟಿಗೆ ಚಿಲಕವಿದೆ ಎಂಬುದೇ ಬೀದಿಗೆ ಅವತ್ತು ತಿಳಿಯಿತು.

ಸಂಜೆಯ ಹೊತ್ತಿಗೆ ಸುದ್ದಿಗೆ ಕೈಕಾಲು ಮೂಡಿದವು. ಕಾಂತರಾಜುವಿಗೆ ಜೀವಬೆದರಿಕೆ ಇದೆ ಎಂದು ಇಸ್ತ್ರಿ ಅಂಗಡಿಯವರು ಹೇಳಿದರು. ಹೆಗ್ಗನಹಳ್ಳಿಯಲ್ಲಿ ಅವನ ಅಜ್ಜನ ಕಾಲದ ಜಮೀನು ಕೋರ್ಟಿನಲ್ಲಿ ಗೆದ್ದು ಬಂದಿದೆ, ಅದಕ್ಕೇ ರಕ್ಷಣೆ ಎಂದು ಟೈಲರು ತಿದ್ದಿದರು. ಅವನು ಮೊದಲಿನಿಂದಲೂ ಯಾವುದೋ ಗುಪ್ತ ಇಲಾಖೆಯವನು, ಸ್ಟೋರ್ ಕೀಪರ್ ಎನ್ನುವುದು ಬರೀ ತೋರಿಕೆಗೆ ಎಂಬುದು ಹಾಲಿನ ಬೂತಿನ ಅಭಿಪ್ರಾಯ. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಓಡಾಡಿದ್ದೇ ಅದಕ್ಕೆ ಸಾಕ್ಷಿಯಂತೆ.

ಮಾರನೆಯ ದಿನ ಬೆಳಿಗ್ಗೆ ಕಾಂತರಾಜು ಎಂದಿನಂತೆ ಸ್ಕೂಟರನ್ನು ಎಡಕ್ಕೆ ವಾಲಿಸಿ, ಹೊಟ್ಟೆ ಒಳಕ್ಕೆಳೆದುಕೊಂಡು ಹೊರಬಂದ. ಅಡ್ಡಕ್ಕೆ ಕಾರು ಇರಲಿಲ್ಲವಾದ್ದರಿಂದ ಆಯ ತಪ್ಪಿ ಸ್ಕೂಟರ್ ಸಮೇತ ಉರುಳಿಬಿದ್ದ. ಗಂಗಾಧರಯ್ಯನವರು ಓಡಿಬಂದು ಎತ್ತಿ ನಿಲ್ಲಿಸಿ, ಪ್ಯಾಂಟಿನ ಧೂಳು ತಾವೇ ಕೊಡವಿ, ಗೇಟಿನ ಮುಂದೆ ಇನ್ನೆರಡಡಿ ಜಾಗ ಬಿಡಬೇಕಿದ್ದರೆ ದಯವಿಟ್ಟು ಸಂಕೋಚಪಡಬಾರದು ಎಂದು ವಿನಂತಿಸಿದರು.

ಅಂಬುಜಾ ಇದನ್ನೆಲ್ಲ ಕಿಟಕಿಯಿಂದ ನೋಡಿದಳು. ಅದು ಏರ್ ಗನ್ ಎಂದು ಹೇಳಿಬಿಡುವಂತೆ ಗಂಡನಿಗೆ ಬುದ್ಧಿ ಹೇಳಿದಳು. ಯಾರೂ ಕೇಳಿಲ್ಲವಲ್ಲ, ಕೇಳದೆ ನಾನಾಗಿಯೇ ಹೇಳಿದರೆ ಅಹಂಕಾರವಾಗುತ್ತದೆ ಎಂದು ಕಾಂತರಾಜು ವಿನಯದಿಂದ ಉತ್ತರಿಸಿದ.

ಹಾಗೆ ನೋಡಿದರೆ ಅವನ ಸಂತೋಷವೆಲ್ಲ ಇದ್ದದ್ದು ತಾರಸಿಯ ಮೇಲೆ. ಸಂಜೆ ಕೆಲಸದಿಂದ ಬಂದು ಕಾಫಿ ಕುಡಿದು ಮೇಲೆ ಹತ್ತುತ್ತಿದ್ದ. ಮೆಟ್ಟಿಲು ಕೋಣೆಯ ಗೋಡೆಗೆ ಒಂದು ರಟ್ಟಿನ ಪೆಟ್ಟಿಗೆ ಒರಗಿಸಿ, ಅದರ ತುಂಬ ಹಳೆಯ ಪತ್ರಿಕೆ ಮತ್ತು ಗೋಣಿಚೀಲ ತುರುಕಿ, ಮುಂದೆ ವೃತ್ತ ಬರೆದ ಕಾಗದ ಅಂಟಿಸುತ್ತಿದ್ದ. ಕಟಕ್ ಟಕ್. ಮರದ ಹಿಡಿ ಕೆನ್ನೆಗೆ ತಣ್ಣಗೆ ತಾಗುತ್ತಿತ್ತು. ಟಪ್. ಐವತ್ತು ಪೆಲೆಟ್ಟಿನಲ್ಲಿ ಎಂಟು ಕಾಗದಕ್ಕೆ ತಗುಲಿದರೆ ಅದು ಒಳ್ಳೆಯ ಸಂಜೆ. ಅವುಗಳಲ್ಲಿ ಒಂದು ಕಪ್ಪು ವೃತ್ತದ ಅಂಚು ಮುಟ್ಟಿದರೆ ಆ ಕಾಗದವನ್ನು ಕಿತ್ತು ತಂದು ಅಡುಗೆಮನೆಯಲ್ಲಿ ಅಂಬುಜಾಳ ಮೂಗಿನ ಮುಂದೆ ಹಿಡಿಯುತ್ತಿದ್ದ. ಅವಳು ಒಗ್ಗರಣೆ ಸೀಯದಂತೆ ಒಂದು ಕಣ್ಣಿಟ್ಟುಕೊಂಡೇ ಮೆಚ್ಚುತ್ತಿದ್ದಳು.

ಮೂರನೇ ವಾರ ಒಂದು ಪೆಲೆಟ್ ಪೆಟ್ಟಿಗೆಯನ್ನೂ ಗೋಡೆಯನ್ನೂ ಬಿಟ್ಟು, ಅವನದೇ ಹಳೆಯ ಪ್ಲಾಸ್ಟಿಕ್ ನೀರಿನ ಟ್ಯಾಂಕಿನ ಬಿರುಕು ಬಿಟ್ಟ ಜಾಗಕ್ಕೇ ಬಡಿಯಿತು. ಬೀದಿಯ ಕಡೆಗೆ ನೀರು ಬಾಗಿದ ಕಮಾನಿನಂತೆ ಚಿಮ್ಮಿತು. ಕೆಳಗೆ ನಿಂತು ಮಾತಾಡುತ್ತಿದ್ದ ನಾಲ್ವರು ತಲೆಯೆತ್ತಿ ನೋಡಿದರು. ಅವರಲ್ಲಿ ಇಬ್ಬರು ಒದ್ದೆಯಾದರು, ನಾಲ್ವರಿಗೂ ನಂಬಿಕೆ ಬಲವಾಯಿತು. ಸ್ವಂತ ಟ್ಯಾಂಕಿಗೇ ಗುಂಡು ಹೊಡೆಯುವವನು ಯಾರನ್ನು ತಾನೇ ಬಿಟ್ಟಾನು ಎಂಬ ಮಾತು ಹಬ್ಬಿತು. ಆ ತಿಂಗಳ ಸಭೆಯಲ್ಲಿ ಸಂಘವು ಕಾಂತರಾಜುವನ್ನು ಸರ್ವಾನುಮತದಿಂದ ಭದ್ರತಾ ಸಲಹೆಗಾರನನ್ನಾಗಿ ನೇಮಿಸಿ, ಒಂದು ಶಾಲು ಹೊದಿಸಿತು.

ಎಲ್ಲ ಹೀಗೇ ಸಾಗುತ್ತಿತ್ತೇನೋ, ಆದರೆ ಚುನಾವಣೆ ಘೋಷಣೆಯಾಯಿತು. ಬಂದೂಕು ಇರುವವರೆಲ್ಲ ಅವನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕು ಎಂಬ ಪ್ರಕಟಣೆ ಬಂತು. ಗಂಗಾಧರಯ್ಯನವರು ಅದನ್ನು ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿ, ಮಾನ್ಯ ಭದ್ರತಾ ಸಲಹೆಗಾರರು ಕಾನೂನಿಗೆ ತಲೆಬಾಗುವರೆಂದು ನಂಬಿದ್ದೇವೆ ಎಂದು ಬರೆದು ಮೂರು ಕೈಮುಗಿದ ಚಿತ್ರ ಸೇರಿಸಿದರು.

ಕಾಂತರಾಜು ಸತ್ಯವನ್ನು ಮೂರು ಸಲ ಟೈಪ್ ಮಾಡಿ ಮೂರು ಸಲ ಅಳಿಸಿದ. ಏರ್ ಗನ್ ಎಂದರೆ ಎರಡು ತಿಂಗಳು ಸುಮ್ಮನಿದ್ದದ್ದೇಕೆ ಎಂದು ನಗುತ್ತಾರೆ. ನಿಜವಾದ ಬಂದೂಕು ಎಂದರೆ ಲೈಸೆನ್ಸ್ ಎಲ್ಲಿ ಎಂದು ಒಳಗೆ ಹಾಕುತ್ತಾರೆ. ಕೊನೆಗೆ, ಭಾನುವಾರ ಠೇವಣಿ ಇಡುವೆ ಎಂದು ಬರೆದ. ಠಾಣೆಯವರು ಒಂದು ಮೂಲೆಯಲ್ಲಿ ಇಟ್ಟುಕೊಂಡು ಒಂದು ಚೀಟಿ ಕೊಟ್ಟರೆ ಸಾಕು, ಮಾನ ಉಳಿಯುತ್ತದೆ ಎಂಬುದು ಅವನ ಲೆಕ್ಕಾಚಾರ.

ಭಾನುವಾರ ಬೆಳಿಗ್ಗೆ ಸದ್ದಿಲ್ಲದೆ ಹೋಗಬೇಕೆಂದು ಹೊರಟವನ ಗೇಟಿನ ಮುಂದೆ ಏಳು ಜನ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ನಿಂತಿದ್ದರು. ಲಿಂಗಮ್ಮ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ನಿವಾಳಿಸಿದರು. ಎರಡು ಕಾರು, ಒಂದು ಸ್ಕೂಟರಿನ ಮೆರವಣಿಗೆ ಠಾಣೆಗೆ ಹೊರಟಿತು. ಮುಂದಿನ ಕಾರಿನಲ್ಲಿ ಕಾಂತರಾಜು, ಮಡಿಲಲ್ಲಿ ಪೆಟ್ಟಿಗೆ, ಮುಖ ಮದುವಣಗಿತ್ತಿಯಂತೆ ಬಾಗಿತ್ತು.

ಒಳಗೆ ಗುಂಪು ಬಿಡುವುದಿಲ್ಲ ಎಂದು ಸಂಗಾತಿಗಳನ್ನು ಕಾಂಪೌಂಡಿನ ಹೊಂಗೆ ಮರದ ಕೆಳಗೆ ನಿಲ್ಲಿಸಿ ಅವನೊಬ್ಬನೇ ಹೋದ. ಠೇವಣಿಯ ಪುಸ್ತಕ ಇಟ್ಟುಕೊಂಡಿದ್ದ ಹೆಡ್ ಕಾನ್‌ಸ್ಟೆಬಲ್ ಬೈರಪ್ಪ ತಲೆಯೆತ್ತದೆ ಲೈಸೆನ್ಸ್ ನಂಬರ್ ಕೇಳಿದರು.

"ಲೈಸೆನ್ಸ್ ಇಲ್ಲ ಸಾರ್" ಎಂದ ಕಾಂತರಾಜು.

ಬೈರಪ್ಪನವರ ಪೆನ್ನು ನಿಂತಿತು. ಸಾಲಿನಲ್ಲಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಇಬ್ಬರು ಕಾನ್‌ಸ್ಟೆಬಲ್‌ಗಳು ಎದ್ದು ನಿಂತು ಬಾಗಿಲ ಕಡೆ ಬಂದರು. ಪೆಟ್ಟಿಗೆ ತೆಗೆಯಲು ಹೇಳಿದಾಗ ಕಾಂತರಾಜು ಅದನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ. ಬೈರಪ್ಪ ರೈಫಲನ್ನು ಹೊರತೆಗೆದು, ತೂಗಿ ನೋಡಿ, ನಳಿಗೆಯ ಬಾಯಿಗೆ ಕಣ್ಣಿಟ್ಟು, ನಿಟ್ಟುಸಿರು ಬಿಟ್ಟರು.

"ಇದು ಎಗ್ಸಿಬಿಷನ್ನಲ್ಲಿ ಬಲೂನ್ ಹೊಡೆಯೋದಲ್ವೇನ್ರೀ. ತಗೊಂಡೋಗಿ."

"ದಯವಿಟ್ಟು ಇಟ್ಕೊಳಿ ಸಾರ್" ಎಂದು ಕಾಂತರಾಜು ಕೈಮುಗಿದ.

ಇಪ್ಪತ್ತೇಳು ವರ್ಷದ ಸೇವೆಯಲ್ಲಿ ಬಂದೂಕು ಕಿತ್ತುಕೊಳ್ಳಬೇಡಿ ಎಂದು ಅತ್ತವರನ್ನು ಬೈರಪ್ಪ ನೋಡಿದ್ದರು. ಇಟ್ಟುಕೊಳ್ಳಿ ಎಂದು ಅಳುವವನನ್ನು ನೋಡಿದ್ದು ಅದೇ ಮೊದಲು. ಪುಸ್ತಕದಲ್ಲಿ ಇದಕ್ಕೆ ಕಾಲಂ ಇಲ್ಲ ಎಂದು ತೋರಿಸಿದರು. ಕಾಲಂ ಇಲ್ಲದಿದ್ದರೆ ಅಂಚಿನಲ್ಲಿ ಬರೆಯಬಹುದಲ್ಲ ಎಂದು ಕಾಂತರಾಜು ಸಲಹೆ ಕೊಟ್ಟ. ಕೊನೆಗೆ ಅವನನ್ನು ಸಬ್ ಇನ್ಸ್‌ಪೆಕ್ಟರ್ ನಿಖಿತಾ ಅವರ ಮುಂದೆ ನಿಲ್ಲಿಸಲಾಯಿತು. ಆಕೆಯ ವಯಸ್ಸು ಅವನ ಅರ್ಧದಷ್ಟು. ಅವನು ಅಂಗಡಿಯಿಂದ ಹೊಂಗೆ ಮರದವರೆಗಿನ ಕಥೆಯನ್ನೆಲ್ಲ ಒಂದಕ್ಷರ ಮುಚ್ಚಿಡದೆ ಹೇಳಿದ. ಆಕೆ ಲಿವರನ್ನು ಎರಡು ಸಲ ಆಡಿಸಿ ನೋಡುತ್ತ ಕೇಳಿಸಿಕೊಂಡರು. ಆಮೇಲೆ ಟೋಪಿ ಹಾಕಿಕೊಂಡು ತಾವೇ ಹೊರಗೆ ಬಂದು ಮರದ ಕೆಳಗಿನವರಿಗೆ ಹೇಳಿದರು:

"ಇವರ ಗನ್ ಠೇವಣಿ ಇಡೋ ಅವಶ್ಯಕತೆ ಇಲ್ಲ. ಲೈಸೆನ್ಸೂ ಬೇಕಾಗಿಲ್ಲ. ಮನೆಗೆ ತಗೊಂಡು ಹೋಗ್ತಾರೆ. ನೀವೆಲ್ಲ ಹೊರಡಿ."

ಇದಕ್ಕಿಂತ ಸ್ಪಷ್ಟವಾಗಿ ಸತ್ಯ ಹೇಳಲು ಯಾರಿಗೂ ಸಾಧ್ಯವಿಲ್ಲ. ಆದರೆ ಮರದ ಕೆಳಗಿನ ಏಳು ಜನರಿಗೆ ಕೇಳಿಸಿದ್ದೇ ಬೇರೆ. ಊರಿನವರ ಬಂದೂಕೆಲ್ಲ ಒಳಗೆ ಹೋಗುತ್ತಿರುವಾಗ ಈತನದೊಂದು ಹೊರಗೆ ಬರುತ್ತಿದೆ, ಅದನ್ನು ಹೇಳಲು ಅಧಿಕಾರಿಯೇ ಟೋಪಿ ಹಾಕಿಕೊಂಡು ಬಂದಿದ್ದಾರೆ, ಮೇಲಾಗಿ ಲೈಸೆನ್ಸೂ ಬೇಡವಂತೆ. ವಾಪಸ್ಸು ಬರುವಾಗ ಕಾರಿನಲ್ಲಿ ಅವನಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು. ಗಂಗಾಧರಯ್ಯನವರು ಮುಂದಿನ ಸೀಟಿನಿಂದ ಎ.ಸಿ. ಗಾಳಿ ಹಿಂದಕ್ಕೆ ಸರಿಯಾಗಿ ಬರುತ್ತಿದೆಯೇ ಎಂದು ಎರಡು ಸಲ ಕೇಳಿದರು. ಕಾಂತರಾಜು ಈಗಲಾದರೂ ಬಾಯಿಬಿಡೋಣವೆಂದು, ಅದು ಬರೀ ಏರ್ ಗನ್ ಎಂದ. ಹಾಗೇ ಹೇಳಬೇಕು ಸಾರ್, ನಮಗೂ ಅರ್ಥವಾಗುತ್ತದೆ ಎಂದು ಪಕ್ಕದವರು ಅವನ ಮೊಣಕಾಲು ತಟ್ಟಿದರು.

ಈ ಖ್ಯಾತಿ ಹೆಗ್ಗನಹಳ್ಳಿಯವರೆಗೂ ಹೋಯಿತು. ಮಂಗಳವಾರ ಬೆಳಿಗ್ಗೆ ಕಾಂತರಾಜುವಿನ ದೊಡ್ಡಪ್ಪನ ಮಗ ಕೃಷ್ಣಪ್ಪ ಎರಡು ಡಜನ್ ಏಲಕ್ಕಿ ಬಾಳೆಹಣ್ಣಿನೊಂದಿಗೆ ಬಂದ. ಹತ್ತು ವರ್ಷ ಈ ಮನೆಯ ದಾರಿ ಮರೆತಿದ್ದವನು. ಅವನ ಒಂದು ಸೈಟಿನ ಮೇಲೆ ಯಾರೋ ಬೇರೆಯವರು ಹಕ್ಕು ಹೇಳುತ್ತಿದ್ದಾರೆ, ಗುರುವಾರ ಬೇಲಿ ಕೀಳಲು ಹದಿನೈದು ಇಪ್ಪತ್ತು ಜನ ಬರುತ್ತಾರಂತೆ, ಕಳೆದ ಸಲ ಮಚ್ಚು ಹಿಡಿದು ಬಂದಿದ್ದರಂತೆ.

"ನೀನೇನೂ ಮಾಡ್ಬೇಡ ಕಣೋ. ಕುರ್ಚಿ ಹಾಕಿಸ್ತೀನಿ, ಶಾಮಿಯಾನನೂ ಹಾಕಿಸ್ತೀನಿ. ತೊಡೆ ಮೇಲೆ ಇಟ್ಕೊಂಡು ಕೂತ್ಕೋ, ಸಾಕು" ಎಂದ ಕೃಷ್ಣಪ್ಪ.

ಕಾಂತರಾಜು ನೋಡೋಣ ಎಂದ. ಇಲ್ಲ ಎನ್ನಬೇಕಾದ ಕಡೆಯಲ್ಲೆಲ್ಲ ಅವನು ನೋಡೋಣ ಎಂದೇ ಐವತ್ತೊಂದು ವರ್ಷ ಕಳೆದಿದ್ದ. ಕೃಷ್ಣಪ್ಪ ಅದನ್ನು ಆಯಿತು ಎಂದು ತಿಳಿದು, ಅಲ್ಲಿಂದಲೇ ಶಾಮಿಯಾನದವನಿಗೆ ಫೋನ್ ಮಾಡಿದ.

ಅವತ್ತು ಕಾಂತರಾಜು ಊಟ ಮಾಡಲಿಲ್ಲ, ತಾರಸಿಗೂ ಹೋಗಲಿಲ್ಲ. ಏರ್ ಗನ್ ಎಂದು ಕೃಷ್ಣಪ್ಪನಿಗೆ ಎರಡು ಸಲ ಫೋನ್ ಮಾಡಿ ಹೇಳಿದ. ಗಾಳಿಯಲ್ಲಿ ಹಾರಿಸಿದರೂ ಸಾಕು, ಹೆದರುತ್ತಾರೆ ಎಂದು ಕೃಷ್ಣಪ್ಪ ಧೈರ್ಯ ತುಂಬಿದ. ಜ್ವರ ಬಂದಿದೆ ಎಂದರೆ ಕಾರು ಕಳಿಸುತ್ತೇನೆ ಎಂದ. ಮಚ್ಚಿಗೂ ಕೊತ್ತಂಬರಿ ಬೀಜಕ್ಕೂ ನಡುವಿನ ಅಂತರವನ್ನು ಕಾಂತರಾಜು ಮನಸ್ಸಿನಲ್ಲೇ ಅಳೆಯುತ್ತ ಕೂತ. ಅಂಬುಜಾ ಅವನ ಮುಖವನ್ನೇ ನೋಡುತ್ತಿದ್ದವಳು ಫೋನ್ ಹಿಡಿದು ಒಳಗೆ ಹೋದಳು.

ಬುಧವಾರ ಬೆಳಿಗ್ಗೆ ಎಂಟೂವರೆಗೆ ಚುನಾವಣಾ ತಪಾಸಣಾ ತಂಡದ ಜೀಪು ಮೂರನೇ ಕ್ರಾಸಿಗೆ ನುಗ್ಗಿತು. ತಂಡದ ಮುಖ್ಯಸ್ಥ ಯಶ್ವಂತ್ ಎಂಬ ಅಧಿಕಾರಿ. ತೋಟಗಾರಿಕೆ ಇಲಾಖೆಯಿಂದ ಅವನನ್ನು ಚುನಾವಣೆ ಕೆಲಸಕ್ಕೆ ಹಾಕಿದ್ದರು, ಬಂದೂಕನ್ನು ಹತ್ತಿರದಿಂದ ನೋಡಿದವನಲ್ಲ. ಜೊತೆಗೆ ಒಬ್ಬ ವಿಡಿಯೋದವನು, ಮತ್ತು ಪೊಲೀಸ್ ಇಲಾಖೆಯ ಪರವಾಗಿ, ಬೇರೆ ಯಾರೂ ಬಿಡುವಾಗಿಲ್ಲದ್ದರಿಂದ, ಬೈರಪ್ಪ. ಈ ಮನೆಯಲ್ಲಿ ರೈಫಲ್ ಇದೆ ಎಂದು ದೂರು ಬಂದಿದೆ ಎಂದು ಯಶ್ವಂತ್ ಜೀಪಿನ ಹಿಂದೆ ನಿಂತುಕೊಂಡು ಘೋಷಿಸಿದ. ಇದು ನನಗೆ ಗೊತ್ತು ಸಾರ್, ಬಲೂನಿನದು ಎಂದು ಬೈರಪ್ಪ ಆಕಳಿಸಿದರು. ಬಾಯಿಮಾತು ನಡೆಯುವುದಿಲ್ಲ, ಇದು ಯಾವ ಬಗೆಯ ಆಯುಧ ಎಂಬುದು ವಿಡಿಯೋದಲ್ಲಿ ದಾಖಲಾಗಬೇಕು ಎಂದು ಯಶ್ವಂತ್ ಪಟ್ಟು ಹಿಡಿದ. ಅಷ್ಟರಲ್ಲಿ ಬೀದಿಯೇ ಹೊರಗೆ ಬಂದಿತ್ತು.

ಬಲೂನಿನದು ಎಂದಮೇಲೆ ಬಲೂನನ್ನೇ ಹೊಡೆದು ತೋರಿಸಲಿ ಎಂದು ತೀರ್ಮಾನವಾಯಿತು. ಬೈರಪ್ಪ ಮೂಲೆ ಅಂಗಡಿಯಿಂದ ಒಂದು ಪ್ಯಾಕೆಟ್ ಬಲೂನ್ ತಂದರು. ಯಶ್ವಂತ್ ಅದನ್ನು ಸುರಿದುಕೊಂಡು ಒಂದೊಂದೇ ಪರಿಶೀಲಿಸಿದ. ಕೇಸರಿ ಆಗುವುದಿಲ್ಲ, ಒಂದು ಪಕ್ಷದ ಬಣ್ಣ. ಹಸಿರಿಗೆ ಇನ್ನೊಬ್ಬರು ತಕರಾರು ತೆಗೆಯುತ್ತಾರೆ. ನೀಲಿ ಒಡೆದರೆ ಧರಣಿ ಕೂರುತ್ತಾರೆ. ಹಳದಿ, ಕೆಂಪು ಮುಟ್ಟುವಂತೆಯೇ ಇಲ್ಲ. ಬಿಳಿಯನ್ನು ಸರ್ಕಾರಿ ತಂಡವೊಂದು ಗುಂಡಿಟ್ಟು ಒಡೆದ ವಿಡಿಯೋ ಹೊರಗೆ ಹೋದರೆ ಶಾಂತಿಯ ಮೇಲೆ ದಾಳಿ ಎನ್ನುತ್ತಾರೆ. ಕೊನೆಗೆ ಯಾರಿಗೂ ಸೇರದ ಒಂದು ನೇರಳೆ ಬಲೂನ್ ಸಿಕ್ಕಿತು. ಅದನ್ನು ಊದಿ, ಕಾಂತರಾಜುವಿನ ಕಾಂಪೌಂಡ್ ಗೋಡೆಗೆ ರಟ್ಟಿನ ಪೆಟ್ಟಿಗೆ ಒರಗಿಸಿ ಅದರ ಮುಂದೆ ಕಟ್ಟಿದರು. ಇಪ್ಪತ್ತಡಿ ದೂರ ಅಳೆದರು.

ಕಾಂತರಾಜು ಲಿವರ್ ಎಳೆದ. ಕಟಕ್ ಟಕ್ ಎಂಬ ಸದ್ದಿಗೆ ಬೀದಿ ಪೂರ್ತಿ ಒಂದು ಹೆಜ್ಜೆ ಹಿಂದೆ ಸರಿಯಿತು. ಗಂಗಾಧರಯ್ಯನವರು ಲಿಂಗಮ್ಮನ ಹಿಂದೆ ನಿಂತರು. ಟಪ್. ಬಲೂನ್ ಹಾಗೇ ಇತ್ತು. ಎರಡನೆಯದು ಪೆಟ್ಟಿಗೆಯ ಮೂಲೆಗೆ ಬಿತ್ತು. ಮೂರನೆಯದು ಎಲ್ಲಿಗೆ ಬಿತ್ತೆಂದು ವಿಡಿಯೋದವನು ಹುಡುಕಿದರೂ ಸಿಗಲಿಲ್ಲ. ಹಿಂದೆ ಸರಿದಿದ್ದವರು ಒಬ್ಬೊಬ್ಬರಾಗಿ ಮುಂದೆ ಬಂದರು. ಯಾರೋ ಸ್ವಲ್ಪ ಎಡಕ್ಕೆ ಎಂದರು, ಇನ್ಯಾರೋ ಕನ್ನಡಕ ಒರೆಸಿಕೊಳ್ಳಿ ಎಂದರು. ನಾಲ್ಕನೆಯದಕ್ಕೆ ಬಲೂನ್ ಫಟ್ಟೆಂದಿತು. ಇಡೀ ಪ್ರಸಂಗದಲ್ಲಿ ಜೋರಾಗಿ ಸದ್ದು ಮಾಡಿದ್ದು ಬಲೂನೇ.

"ಅಯ್ಯೋ ಶಿವನೇ, ಇಷ್ಟೇನಾ" ಎಂದರು ಲಿಂಗಮ್ಮ.

ಬೀದಿ ನಕ್ಕಿತು. ಮೊದಲು ಮಹಡಿಗಳ ಮೇಲಿನವರು, ಆಮೇಲೆ ಗೇಟುಗಳ ಬಳಿಯವರು, ಕೊನೆಗೆ ಬಾಯಿಗೆ ಕರವಸ್ತ್ರ ಇಟ್ಟುಕೊಂಡು ಬೈರಪ್ಪ. ಯಶ್ವಂತ್ ಮಾತ್ರ ನಗದೆ ಜೀಪಿನ ಬಾನೆಟ್ಟಿನ ಮೇಲೆ ಮಹಜರು ಬರೆದ. ಸದರಿ ವಸ್ತುವು ಆಯುಧದ ವ್ಯಾಖ್ಯೆಗೆ ಒಳಪಡದೆ, ಒಂದು ಮಧ್ಯಮ ಗಾತ್ರದ ಬಲೂನನ್ನು ನಾಲ್ಕನೇ ಪ್ರಯತ್ನದಲ್ಲಿ ಒಡೆಯಲು ಮಾತ್ರ ಶಕ್ತವಾಗಿರುತ್ತದೆ. ಸಾಕ್ಷಿಗಳು ಬೇಕೆಂದಾಗ ಹನ್ನೊಂದು ಜನ ಮುಂದೆ ಬಂದರು. ಗಂಗಾಧರಯ್ಯನವರು ಮೊದಲನೆಯವರಾಗಿ ಸಹಿ ಹಾಕಿ, ಒಂದು ಪ್ರತಿ ಸಂಘದ ಕಡತಕ್ಕೆ ಬೇಕೆಂದು ಕೇಳಿ ಪಡೆದರು. ಮಧ್ಯಾಹ್ನದ ಹೊತ್ತಿಗೆ ಅವರ ಕಾರು ಹಳೆಯ ಜಾಗಕ್ಕೆ ಮರಳಿತ್ತು. ಆ ವಿಡಿಯೋ ಹೆಗ್ಗನಹಳ್ಳಿ ಮುಟ್ಟಲು ಒಂದು ಗಂಟೆಯೂ ಹಿಡಿಯಲಿಲ್ಲ. ನಾಳೆ ಬರುವ ತೊಂದರೆ ತೆಗೆದುಕೊಳ್ಳಬೇಡ ಎಂದು ಕೃಷ್ಣಪ್ಪ ಚುಟುಕಾಗಿ ಸಂದೇಶ ಕಳಿಸಿದ. ಸೈಟಿನ ಜಗಳವನ್ನು ಅವನು ವಕೀಲರಿಗೆ ವಹಿಸಿದನೆಂದು ಆಮೇಲೆ ತಿಳಿಯಿತು.

ಕಾಂತರಾಜು ಮಂಚದ ತುದಿಯಲ್ಲಿ ಕೂತು ಆ ಸಂದೇಶವನ್ನು ಮೂರು ಸಲ ಓದಿದ. ಕೃಷ್ಣಪ್ಪ ಬಂದುಹೋದ ಮೇಲೆ ಮೊದಲ ಸಲ ಹೊಟ್ಟೆ ಹಸಿಯಿತು. ಅಂಬುಜಾ ತಟ್ಟೆ ತಂದಿಟ್ಟಳು. ದೂರು ಕೊಟ್ಟ ಪಾಪಿ ಯಾರಿರಬಹುದು ಎಂದು ಅವನು ಅನ್ನ ಕಲಸುತ್ತ ಕೇಳಿದ.

"ನಾನೇ" ಎಂದಳು ಅಂಬುಜಾ. "ನಿಮ್ಮ ಕೈಲಿ ಹೇಳಕ್ಕಾಗಲಿಲ್ಲ. ನಾನು ಹೇಳಿದ್ರೆ ಯಾರೂ ನಂಬ್ತಿರಲಿಲ್ಲ. ಸರ್ಕಾರವೇ ಬಂದು ಹೇಳ್ಲಿ ಅಂತ ಫೋನ್ ಮಾಡ್ದೆ. ಸಾರು ಇನ್ನೊಂಚೂರು ಹಾಕ್ಲಾ?"

ಕಾಂತರಾಜು ಅನ್ನದ ನಡುವೆ ಸಾರಿಗೆ ಗುಳಿ ಮಾಡಿದ. ಆಮೇಲೆ ತಟ್ಟೆಯನ್ನು ಮುಂದಕ್ಕೆ ಸರಿಸಿದ.

ಮುಂದಿನ ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಲಿಂಗಮ್ಮ, ಕೈಯಲ್ಲಿ ನೂರು ಬಲೂನಿನ ಪ್ಯಾಕೆಟ್. ಚಿಕ್ಕವಳಿದ್ದಾಗ ಎಗ್ಸಿಬಿಷನ್ನಿನಲ್ಲಿ ಒಂದೇ ಒಂದು ಸಲ ಹೊಡೆಯಬೇಕೆಂದು ಅಪ್ಪನನ್ನು ಕೇಳಿದ್ದೆ, ಹೆಣ್ಣುಮಕ್ಕಳಿಗಲ್ಲ ಎಂದು ಎಳೆದುಕೊಂಡು ಹೋಗಿದ್ದ ಎಂದು ಹೇಳುತ್ತ ಮೆಟ್ಟಿಲು ಹತ್ತಿಯೇಬಿಟ್ಟರು. ಐದು ಪೆಲೆಟ್ಟಿಗೆ ನಾಲ್ಕು ಬಲೂನ್ ಒಡೆದರು. ಸದ್ದು ಕೇಳಿ ಟೈಲರ್ ಬಂದರು, ಇಸ್ತ್ರಿ ಅಂಗಡಿಯವರು ಬಂದರು, ಅಂಬುಜಾ ಸೆರಗು ಸಿಕ್ಕಿಸಿಕೊಂಡು ಸಾಲಿನಲ್ಲಿ ನಿಂತಳು. ಹತ್ತು ಗಂಟೆಯ ಹೊತ್ತಿಗೆ ಗಂಗಾಧರಯ್ಯನವರೂ ಮಂಕಿ ಕ್ಯಾಪ್ ತೆಗೆದು ಜೇಬಿಗಿಟ್ಟುಕೊಂಡು ತಾರಸಿಗೆ ಬಂದರು. ಸಾಲು ಮೆಟ್ಟಿಲಿನವರೆಗೆ ಬೆಳೆಯಿತು. ರೈಫಲ್ ಕೈಯಿಂದ ಕೈಗೆ ದಾಟುತ್ತಿತ್ತು, ಕಟಕ್ ಟಕ್ ನಿಲ್ಲುತ್ತಲೇ ಇರಲಿಲ್ಲ. ಕಾಂತರಾಜು ಒಂದು ಮೂಲೆಯಲ್ಲಿ ಬಕೆಟ್ ಬೋರಲು ಹಾಕಿ ಕೂತು, ಒಂದೊಂದೇ ಬಲೂನ್ ಊದಿ ಗಂಟು ಹಾಕಿ ಕೊಡುತ್ತಿದ್ದ. ಕೆನ್ನೆ ನೋಯುತ್ತಿದ್ದವು.

"ರೀ ಕಾಂತರಾಜು, ಇನ್ನೊಂದ್ ಸ್ವಲ್ಪ ದೊಡ್ಡದಾಗಿ ಊದ್ರಿ" ಎಂದರು ಗಂಗಾಧರಯ್ಯ, ಕೆನ್ನೆಗೆ ರೈಫಲ್ ಒತ್ತಿಕೊಂಡು ಒಂದು ಕಣ್ಣು ಮುಚ್ಚಿ. "ನನಗೆ ಅಷ್ಟು ದೂರ ಸರಿಯಾಗಿ ಕಾಣಂಗಿಲ್ಲ."

ಕಾಂತರಾಜು ನೋಡೋಣ ಎಂದು ಹೇಳಿ, ಕುಂಬಳಕಾಯಿಯಷ್ಟು ದಪ್ಪ ಊದಿ ಕೊಟ್ಟ.